ನಾನು ಆರಿಸಿಕೊಟ್ಟ ಲ್ಯಾಪ್‌ಟಾಪ್

ಆ ಲ್ಯಾಪ್‌ಟಾಪಿನ ಒಳಗೆ ಏನೇನು ಇರಬೇಕು ಎಂದು ಒಂದೊಂದಾಗಿ ಆರಿಸಿದವಳು ನಾನು. ಲ್ಯಾಪ್‌ಟಾಪ್ ಮಾತ್ರ ನನ್ನದಲ್ಲ.

ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಎರಡು ಸಾವಿರದ ಏಳೆಂಟರ ಹೊತ್ತು. ನಮ್ಮೂರು ಮಂಕಿಯಿಂದ ದಿನಾ ಬಸ್ಸು ಹಿಡಿದು ಭಟ್ಕಳಕ್ಕೆ ಹೋಗಿ, ಅಲ್ಲಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಮಧ್ಯಾಹ್ನದ ಹೆಂಗಸರ ಬ್ಯಾಚಿಗೆ ಪಾಠ ಮಾಡುತ್ತಿದ್ದೆ. ಅದಕ್ಕೂ ಮೊದಲು ಕುಮಟೆಯಲ್ಲಿ ಒಂದು ವರ್ಷ ಹಾರ್ಡ್‌ವೇರ್ ಕಲಿತಿದ್ದೆ. ಆ ತರಗತಿಗೆ ನಾನೊಬ್ಬಳೇ ಹುಡುಗಿ. ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಮತ್ತೆ ಜೋಡಿಸುವುದರಲ್ಲಿ ನನ್ನಷ್ಟು ಚುರುಕಾದವರು ಅಲ್ಲಿ ಬೇರೆ ಯಾರೂ ಇರಲಿಲ್ಲ ಎಂಬ ಜಂಬ ನನಗಿತ್ತು. ಅದು ಸುಳ್ಳು ಜಂಬವೇನೂ ಅಲ್ಲ.

ಮನೆಯಲ್ಲಿ ನಾನೇ ಜೋಡಿಸಿದ ಒಂದು ಕಂಪ್ಯೂಟರ್ ಇತ್ತು. ಡಬ್ಬಿ ಒಂದು ಕಡೆಯದು, ಮಾನಿಟರ್ ಇನ್ನೊಂದು ಕಡೆಯದು, ಕೀಬೋರ್ಡಿನಲ್ಲಿ ಎರಡು ಅಕ್ಷರ ಅಳಿಸಿಹೋಗಿದ್ದವು. ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ಆಟದ ಚಿತ್ರಗಳನ್ನು ಕ್ಷಣಕ್ಷಣವೂ ಬಿಡಿಸಿ ತೋರಿಸುವುದು ಅದರ ಕೆಲಸ. ಅದಿಲ್ಲದಿದ್ದರೆ ಹೊಸ ಆಟಗಳು ಶುರುವೇ ಆಗುವುದಿಲ್ಲ. ಕುಮಟೆ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಕಂಪ್ಯೂಟರ್ ಪತ್ರಿಕೆಯ ಹಳೆಯ ಸಂಚಿಕೆಗಳು ಅರ್ಧ ಬೆಲೆಗೆ ಸಿಗುತ್ತಿದ್ದವು. ಜೊತೆಗೊಂದು ಸಿ.ಡಿ., ಅದರಲ್ಲಿ ಆಟಗಳ ಮಾದರಿ. ನಾನು ಸಿ.ಡಿ. ಹಾಕುತ್ತಿದ್ದೆ, ಪರದೆ ಕಪ್ಪಾಗುತ್ತಿತ್ತು, ‘ನಿಮ್ಮಲ್ಲಿ ಬೇಕಾದ ಕಾರ್ಡ್ ಇಲ್ಲ’ ಎಂಬ ಒಂದು ಸಾಲು ಬರುತ್ತಿತ್ತು. ಬರುತ್ತದೆಂದು ಗೊತ್ತಿದ್ದೇ ಮುಂದಿನ ಸಿ.ಡಿ.ಯನ್ನೂ ಹಾಕುತ್ತಿದ್ದೆ. ಯಾವ ಕಾರ್ಡು ಯಾವುದಕ್ಕಿಂತ ಎಷ್ಟು ಮೇಲು ಎಂಬ ಪಟ್ಟಿ ಮಗ್ಗಿಯಂತೆ ಬಾಯಿಗೆ ಬಂದಿತ್ತು. ಅವುಗಳಲ್ಲಿ ಒಂದನ್ನೂ ಕೈಯಲ್ಲಿ ಹಿಡಿದು ನೋಡಿರಲಿಲ್ಲ.

ನನ್ನ ಬ್ಯಾಚಿಗೆ ಒಬ್ಬಳು ಹುಡುಗಿ ಸೇರಿದಳು. ಭಟ್ಕಳದ ನವಾಯತ ಮುಸ್ಲಿಂ ಮನೆತನದವಳು, ನನಗಿಂತ ಎರಡು ವರ್ಷ ಚಿಕ್ಕವಳು. ಉಳಿದವರು ಟೈಪಿಂಗ್ ಕಲಿಯುತ್ತಿರುವಾಗ ಇವಳು ಮೆಲ್ಲಗೆ ಕೇಳಿದಳು: “ಮಿಸ್, ಇದರಲ್ಲಿ ಗೇಮ್ ಉಂಟಾ?”

ಇತ್ತು. ಒಂದು ಹಳೆಯ ಕಾರ್ ರೇಸು, ಗ್ರಾಫಿಕ್ಸ್ ಕಾರ್ಡ್ ಕೇಳದ ಜಾತಿಯದ್ದು. ತರಗತಿ ಮುಗಿದ ಮೇಲೆ ನನ್ನ ಬಸ್ಸಿಗೆ ಮುಕ್ಕಾಲು ಗಂಟೆ ಇರುತ್ತಿತ್ತು. ಎರಡು ಕಂಪ್ಯೂಟರ್‌ಗಳಿಗೆ ವೈರು ಎಳೆದು ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ಆಡುತ್ತಿದ್ದೆವು. ದಿನಾ ನಾನೇ ಗೆಲ್ಲುತ್ತಿದ್ದೆ. ಸೋತಾಗ ಅವಳು ತನ್ನ ಮನೆಮಾತು ನವಾಯತಿಯಲ್ಲಿ ಏನೋ ಬೈಯುತ್ತಿದ್ದಳು. ನಮ್ಮ ಕಡೆಯ ಕೊಂಕಣಿಗೂ ಅದಕ್ಕೂ ಹತ್ತಿರವಾದ್ದರಿಂದ ನನಗೆ ಅರ್ಧ ತಿಳಿದು ನಗು ಬರುತ್ತಿತ್ತು. ಆ ಮುಕ್ಕಾಲು ಗಂಟೆಗಾಗಿಯೇ ನಾನು ಕೆಲಸಕ್ಕೆ ಹೋಗುತ್ತಿದ್ದೆ ಎಂದರೂ ತಪ್ಪಿಲ್ಲ.

ಒಂದು ದಿನ ಅವಳು ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು ಹಿಡಿದುಕೊಂಡು ಬಂದಳು.

“ಮಿಸ್, ನಮ್ಮ ಅಣ್ಣ ದುಬೈಯಿಂದ ರಜೆಗೆ ಬರ್ತಾರೆ. ಎಂತ ಬೇಕು ಕೇಳಿದ್ರು. ಗೇಮ್ ಆಡುವ ಲ್ಯಾಪ್‌ಟಾಪ್ ಅಂದೆ. ಅಲ್ಲಿ ಒಂದು ಅಂಗಡಿಯಲ್ಲಿ ನಾವು ಹೇಳಿದ ಪಾರ್ಟ್ಸ್ ಹಾಕಿ ಕೊಡ್ತಾರಂತೆ. ಯಾವುದು ಹಾಕಬೇಕು, ನೀವೇ ಬರೆದು ಕೊಡಿ. ನನಗೆ ಇದೆಲ್ಲ ಗೊತ್ತಾಗುದಿಲ್ಲ.”

ಫೈಲಿನಲ್ಲಿ ಅಣ್ಣ ಮಿಂಚಂಚೆಯಲ್ಲಿ ಕಳಿಸಿದ ಹಾಳೆಗಳಿದ್ದವು. ಪ್ರೊಸೆಸರ್ ಇಷ್ಟು ಬಗೆ, ರ‍್ಯಾಮ್ ಇಷ್ಟು ಬಗೆ, ಹಾರ್ಡ್ ಡಿಸ್ಕು, ಪರದೆ, ಗ್ರಾಫಿಕ್ಸ್. ಪತ್ರಿಕೆಯಲ್ಲಿ ಚಿತ್ರವಾಗಿ ನೋಡಿದ ಹೆಸರುಗಳೆಲ್ಲ ಅಲ್ಲಿ ಹೋಟೆಲಿನ ತಿಂಡಿ ಪಟ್ಟಿಯಂತೆ ಸಾಲಾಗಿ ನಿಂತಿದ್ದವು.

“ಆತು, ಬರೆದು ಕೊಡ್ತೆ” ಎಂದೆ.

ಬಸ್ಸು ಹತ್ತಿದಾಗ ನನಗೆ ಖುಷಿಯೇ ಆಗಿತ್ತು. ತೊಡೆಯ ಮೇಲೆ ಹಾಳೆಗಳನ್ನು ಹರಡಿಕೊಂಡು, ಇದು ಬೇಡ, ಇದು ಬೇಕು ಎಂದು ಗುರುತು ಹಾಕುತ್ತ ಹೋದೆ. ಯಾವ ಪ್ರೊಸೆಸರಿಗೆ ಶಾಖ ಕಡಿಮೆ, ಯಾವ ಡಿಸ್ಕು ವೇಗವಾಗಿ ತಿರುಗುತ್ತದೆ, ಎಲ್ಲ ಗೊತ್ತಿತ್ತು. ನಾಲ್ಕು ವರ್ಷ ಆ ಪತ್ರಿಕೆಗಳನ್ನು ಓದಿದ್ದು ಒಮ್ಮೆಯಾದರೂ ಉಪಯೋಗಕ್ಕೆ ಬಂತಲ್ಲ! ಮಂಕಿಯಲ್ಲಿ ಇಳಿದು ಮನೆ ದಾರಿ ಹಿಡಿದಾಗ ಮಾತ್ರ ಒಂದು ಮಾತು ತಲೆಗೆ ಬಂತು. ಇಷ್ಟೆಲ್ಲ ಗೊತ್ತಿರುವುದು ನನಗೆ, ಲ್ಯಾಪ್‌ಟಾಪ್ ಬರುವುದು ಅವಳಿಗೆ. ದಿನಾ ಸೋಲುವವಳಿಗೆ.

ಅಲ್ಲಿಂದ ಮೂರು ದಿನ ನನಗೆ ಅನ್ನ ಸೇರಲಿಲ್ಲ.

“ಎಂತ ಆತೆ ನಿಂಗೆ? ಮೀನ್ ಸಾರೂ ಬ್ಯಾಡಾತಾ?” ಎಂದು ಅಮ್ಮ ಕೇಳಿದಳು. ಎಂತಾ ಇಲ್ಲ ಎಂದೆ. ಹೊಟ್ಟೆಕಿಚ್ಚು ಎಂಬುದು ಹೆಸರಿಗೆ ತಕ್ಕಂತೆ ಹೊಟ್ಟೆಯಲ್ಲೇ ಇರುತ್ತದೆ ಎಂದು ಆಗ ತಿಳಿಯಿತು.

ಆರಿಸುತ್ತ ಆರಿಸುತ್ತ ಕೊನೆಗೆ ಎರಡು ಜೋಡಣೆ ಉಳಿದವು. ಎರಡಕ್ಕೂ ಬೆಲೆ ಹೆಚ್ಚುಕಡಿಮೆ ಒಂದೇ. ಮೊದಲನೆಯದರಲ್ಲಿ ಎಲ್ಲಕ್ಕಿಂತ ಮೇಲಿನ ಗ್ರಾಫಿಕ್ಸ್, ಆದರೆ ಪರದೆ ಸಾಧಾರಣ, ರ‍್ಯಾಮ್ ಎರಡು ಜಿ.ಬಿ. ಎರಡನೆಯದರಲ್ಲಿ ದೊಡ್ಡ ಹೊಳೆಯುವ ಪರದೆ, ನಾಲ್ಕು ಜಿ.ಬಿ. ರ‍್ಯಾಮ್, ದೊಡ್ಡ ಡಿಸ್ಕು, ಆದರೆ ಗ್ರಾಫಿಕ್ಸ್ ದುರ್ಬಲ. ನೋಡಿದವರು ಎರಡನೆಯದಕ್ಕೇ ಮರುಳಾಗಬೇಕು.

ನಾನು ಮರುಳಾಗುವವಳಲ್ಲ. ಲ್ಯಾಪ್‌ಟಾಪಿನಲ್ಲಿ ರ‍್ಯಾಮನ್ನು ನಾಳೆಯೂ ಹೆಚ್ಚಿಸಬಹುದು. ತಳದ ಎರಡು ಸ್ಕ್ರೂ ಬಿಚ್ಚಿದರೆ ಆಯಿತು. ಡಿಸ್ಕನ್ನೂ ಬದಲಿಸಬಹುದು. ಗ್ರಾಫಿಕ್ಸ್ ಚಿಪ್ಪನ್ನು ಮಾತ್ರ ಒಳಗಿನ ಮದರ್ ಬೋರ್ಡಿಗೇ ಬೆಸೆದಿರುತ್ತಾರೆ, ಕೊಂಡ ದಿನ ಇದ್ದದ್ದೇ ಕೊನೆಯವರೆಗೂ. ಮೇಲಾಗಿ ಪರದೆ ದೊಡ್ಡದಾದಷ್ಟೂ, ಅದರಲ್ಲಿ ಚಿತ್ರ ಮೂಡಿಸುವ ಚುಕ್ಕೆಗಳು ಹೆಚ್ಚಾದಷ್ಟೂ ಆ ಬಡ ಚಿಪ್ಪಿಗೆ ಕೆಲಸ ಹೆಚ್ಚು. ಇದನ್ನೆಲ್ಲ ಹಿಂದಿನ ಬ್ಯಾಚಿಗೆ ಕರಿಹಲಗೆಯ ಮೇಲೆ ಬರೆದು ಪಾಠ ಮಾಡಿದವಳು ನಾನೇ.

ನಾನು ಎರಡನೆಯದನ್ನು ಬರೆದೆ. ಒಳ್ಳೆಯ ಅಕ್ಷರದಲ್ಲಿ, ಕೆಳಗೆ ಗೆರೆ ಎಳೆದು.

“ದೊಡ್ಡ ಪರದೆ ಇದ್ರೆ ಆಟ ಚಂದ ಕಾಣ್ತದೆ. ರ‍್ಯಾಮ್ ಹೆಚ್ಚಿದ್ರೆ ಒಳ್ಳೇದು” ಎಂದು ಹಾಳೆ ಕೊಡುವಾಗ ಹೇಳಿದೆ. ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. “ಥ್ಯಾಂಕ್ಸ್ ಮಿಸ್” ಎಂದು ಹಾಳೆಯನ್ನು ನಾಲ್ಕಾಗಿ ಮಡಿಸಿ ಪರ್ಸಿನಲ್ಲಿ ಇಟ್ಟುಕೊಂಡಳು. ಆ ಹೊತ್ತಿಗೆ ಬಾಯಿಬಿಟ್ಟಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ನಾನು ಬಾಯಿಬಿಡಲಿಲ್ಲ.

ಅಣ್ಣ ಬಂದ ವಾರವೇ ಅವಳು ನನ್ನನ್ನು ಮನೆಗೆ ಕರೆದಳು. ಅವಳ ತಾಯಿ ಬಾಗಿಲಿಗೇ ಬಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಖರ್ಜೂರ, ಚಹಾ, ತೆಂಗಿನಹಾಲು ಹಾಕಿ ಮಾಡಿದ ಏನೋ ಸಿಹಿ. ನನ್ನ ತಟ್ಟೆ ಖಾಲಿಯಾಗಲು ಅವರು ಬಿಡಲಿಲ್ಲ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇತ್ತು. ಕಪ್ಪು ಮುಚ್ಚಳ, ಅಂಚಿನಲ್ಲಿ ಸಣ್ಣ ಕೆಂಪು ದೀಪ. ಅವಳು ತೆರೆದಾಗ ಆ ಪರದೆಯ ಬೆಳಕು ಮೇಜಿನ ಗಾಜಿನ ಮೇಲೆಲ್ಲ ಚೆಲ್ಲಿತು. ಕೀಲಿಗಳ ಮೇಲೆ ಬೆರಳಾಡಿಸಿದೆ. ಕೆಟ್ಟದ್ದನ್ನೇ ಆರಿಸಿದ್ದೆನಲ್ಲ, ಆದರೂ ನನಗದು ಬೇಕಾಗಿತ್ತು.

ಅವಳು ಹೊಸ ರೇಸಿನ ಆಟ ಹಾಕಿದಳು. ಕಾರು ಹೊರಟಿತು, ನಿಂತಿತು, ಮತ್ತೆ ಹಾರಿ ಎಲ್ಲೋ ಮುಂದೆ ಕಾಣಿಸಿಕೊಂಡಿತು. ತಿರುವು ಬರುವ ಮೊದಲೇ ಗೋಡೆಗೆ ಬಡಿಯಿತು. ನನಗೆ ಖುಷಿಯಾಯಿತು. ಇದನ್ನು ಮುಚ್ಚಿಟ್ಟು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ. ಖುಷಿಯಾದದ್ದು ನಿಜ.

ಅಷ್ಟರಲ್ಲಿ ಅವಳ ಅಣ್ಣ ಬಾಗಿಲ ಹತ್ತಿರ ಬಂದು ನಿಂತರು. ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು.

“ನಾಲ್ಕು ದಿನದಿಂದ ಹೀಗೇ. ಇಷ್ಟು ಒಳ್ಳೆ ಪಾರ್ಟ್ಸ್ ಇದ್ದೂ ಹೀಗೆ ಯಾಕೆ ಟೀಚರ್?”

ನಾನು ಏನಾದರೂ ಹೇಳುವ ಮೊದಲೇ ಅವಳು ತಿರುಗಿದಳು. “ಮಿಸ್ ಬರೆದದ್ದು ಸರಿಯೇ ಉಂಟು. ಆ ಅಂಗಡಿಯವ ಒಳಗೆ ಬೇರೆ ಹಾಕಿ ಮೋಸ ಮಾಡಿದ್ದಾನೆ.”

“ಹಾಗೇ ಇರಬೇಕು” ಎಂದರು ಅಣ್ಣ. “ವಾಪಸ್ ಹೋಗುವಾಗ ತಗೊಂಡು ಹೋಗ್ತೇನೆ. ಅವನನ್ನು ನಾನು ಬಿಡುದಿಲ್ಲ.”

ನಾನು ಚಹಾದ ಲೋಟ ನೋಡುತ್ತ ಕೂತೆ. ದುಬೈಯ ಯಾವುದೋ ಅಂಗಡಿಯವನು, ನನ್ನ ಹಾಳೆಯಲ್ಲಿ ಇದ್ದದ್ದನ್ನು ಇದ್ದಂತೆ ಹಾಕಿಕೊಟ್ಟವನು, ಕಳ್ಳನಾದ. ಅವಳ ತಾಯಿ ಇನ್ನೊಂದು ಖರ್ಜೂರ ಹಾಕಿದರು. ಅದನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಮೂರು ದಿನ ಬಿಟ್ಟು, ತರಗತಿ ಮುಗಿದು ಎಲ್ಲರೂ ಹೋದ ಮೇಲೆ, ಅವಳು ಆಟಕ್ಕೆಂದು ವೈರು ಸಿಕ್ಕಿಸುತ್ತಿದ್ದಳು. “ಅದನ್ನು ಬಿಡು, ಇಲ್ಲಿ ಕೂತ್ಕೊ” ಎಂದೆ.

“ಅಂಗಡಿಯವ ಮೋಸ ಮಾಡಲಿಲ್ಲ. ನಾನು ಬರೆದದ್ದೇ ತಪ್ಪು.”

“ಪರವಾಗಿಲ್ಲ ಮಿಸ್, ಯಾರಿಗೂ ತಪ್ಪು ಆಗ್ತದೆ.”

“ತಪ್ಪಾದದ್ದಲ್ಲ. ಗೊತ್ತಿದ್ದೇ ಬರೆದೆ.”

ಅವಳು ನಕ್ಕಳು, ತಮಾಷೆ ಎಂದುಕೊಂಡು. ನನ್ನ ಮುಖ ನೋಡಿ ನಗು ನಿಂತಿತು.

“ಎಂತಕ್ಕೆ?”

“ಹೊಟ್ಟೆಕಿಚ್ಚಿಗೆ.”

ಹೇಳುವಾಗ ಆ ಶಬ್ದ ಎಷ್ಟು ಸಣ್ಣದಾಗಿ ಕೇಳಿಸಿತು! ಅವಳು ವೈರನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು. ಆಮೇಲೆ ಕೇಳಿದಳು, “ಸರಿ ಮಾಡ್ಲಿಕ್ಕೆ ಆಗ್ತದಾ?”

“ಇಲ್ಲ. ಗ್ರಾಫಿಕ್ಸ್ ಬದಲಿಸ್ಲಿಕ್ಕೆ ಬರೂದಿಲ್ಲ. ಸ್ವಲ್ಪ ಸುಧಾರಿಸಬಹುದು ಅಷ್ಟೆ.”

“ನನಗೂ ನಿಮ್ಮ ಮೇಲೆ ಹೊಟ್ಟೆಕಿಚ್ಚು ಇತ್ತು ಮಿಸ್” ಎಂದಳು, ನನ್ನ ಕಡೆ ನೋಡದೆ. “ನೀವು ಒಬ್ಬರೇ ಬಸ್ಸಲ್ಲಿ ಬರ್ತೀರಿ, ಸಂಬಳ ತಗೊಳ್ತೀರಿ, ಕಂಪ್ಯೂಟರ್ ಬಿಚ್ಚಿ ಜೋಡಿಸ್ತೀರಿ. ದಿನಾ ಗೆಲ್ತೀರಿ. ಆದರೆ ನಾನು ನಿಮಗೆ ಎಂತದೂ ಮಾಡ್ಲಿಲ್ಲ.”

ಪರ್ಸು ಎತ್ತಿಕೊಂಡು ಹೋದಳು.

ಅಣ್ಣನಿಗೆ ಏನು ಹೇಳಿದಳೆಂದು ಅವಳ ಜೊತೆ ಬರುತ್ತಿದ್ದ ಇನ್ನೊಬ್ಬ ಹುಡುಗಿಯಿಂದ ತಿಳಿಯಿತು. ದೊಡ್ಡ ಪರದೆ ಬೇಕೆಂದು ತಾನೇ ಪಟ್ಟಿ ತಿದ್ದಿದೆ, ಅಂಗಡಿಯವನದೇನೂ ತಪ್ಪಿಲ್ಲ ಎಂದಳಂತೆ. ಅಣ್ಣ ಚೆನ್ನಾಗಿ ಬೈದು ವಾಪಸ್ ಹೋದರಂತೆ. ಬೈಗುಳ ನನಗೆ ಬಿದ್ದಿದ್ದರೆ ಹಗುರವಾಗುತ್ತಿತ್ತು.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ಲ್ಯಾಪ್‌ಟಾಪಿನ ಚೀಲ ಹೊತ್ತು ತರಗತಿಗೆ ಬಂದಳು. “ಸುಧಾರಿಸಬಹುದು ಅಂದಿದ್ರಿ” ಎಂದಳು, ಅಷ್ಟೇ. ನಾನು ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ಹೊಸ ಡ್ರೈವರ್ ಪ್ರೋಗ್ರಾಮು ಹಾಕಿದೆ, ಬೇಡದ ಪ್ರೋಗ್ರಾಮುಗಳನ್ನೆಲ್ಲ ತೆಗೆದೆ, ಪರದೆಯ ಚುಕ್ಕೆಗಳ ಸಂಖ್ಯೆ ಇಳಿಸಿದೆ, ಗಾಳಿಯಾಡಲೆಂದು ಹಿಂಭಾಗಕ್ಕೆ ಎರಡು ರಬ್ಬರ್ ತುಂಡು ಅಂಟಿಸಿ ಎತ್ತರಿಸಿದೆ. ಕಾರು ನಿಲ್ಲದೆ ಓಡಿತು, ಮಸುಕಾಗಿಯಾದರೂ. ಪ್ರತಿಯೊಂದು ಹೆಜ್ಜೆಗೂ ಅವಳು ಯಾಕೆ ಎಂದು ಕೇಳಿದಳು. ಮೊದಲು ಹಾಗೆ ಕೇಳುತ್ತಿರಲಿಲ್ಲ. ಹೋಗುವಾಗ, “ನಿಮ್ಮ ಪತ್ರಿಕೆಗಳು ಉಂಟಲ್ಲ, ಓದ್ಲಿಕ್ಕೆ ಕೊಡ್ತೀರಾ?” ಎಂದಳು. ಮರುದಿನ ಅಷ್ಟನ್ನೂ ಹಗ್ಗ ಕಟ್ಟಿ ತಂದುಕೊಟ್ಟೆ.

ಕೋರ್ಸು ಮುಗಿದ ಮೇಲೂ ಆಗೀಗ ಬರುತ್ತಿದ್ದಳು. ಮುಂದಿನ ವರ್ಷ ಅಣ್ಣ ಮತ್ತೆ ರಜೆಗೆ ಬಂದರು. ಈ ಸಲ ಅವಳು ಲ್ಯಾಪ್‌ಟಾಪ್ ಕೇಳಿರಲಿಲ್ಲ, ಬಿಡಿ ಭಾಗಗಳನ್ನು ತರಿಸಿ ಮೇಜಿನ ಮೇಲಿಡುವ ಕಂಪ್ಯೂಟರನ್ನು ತಾನೇ ಜೋಡಿಸಿದ್ದಳು. ಅದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ನೋಡಲು ಬನ್ನಿ ಎಂದು ಕರೆದಳು, ಹೋದೆ. ಅವಳು ಮಾಡಿದ ಪಟ್ಟಿ ಪಕ್ಕದಲ್ಲೇ ಇತ್ತು. ಎಲ್ಲಿ ತಪ್ಪಿದ್ದಾಳೆ ಎಂದು ಮೇಲಿನಿಂದ ಕೆಳಗೆ ನೋಡಿದೆ, ಕೆಳಗಿನಿಂದ ಮೇಲೆ ನೋಡಿದೆ. ಕಾರ್ಡಿಗೆ ತಕ್ಕ ಪರದೆ, ಕಾರ್ಡಿಗೂ ಪ್ರೊಸೆಸರಿಗೂ ಸಾಕಷ್ಟು ವಿದ್ಯುತ್ ಒದಗಿಸುವ ಪವರ್ ಸಪ್ಲೈ. ನಾನಾಗಿದ್ದರೆ ಪವರ್ ಸಪ್ಲೈಯಲ್ಲಿ ದುಡ್ಡು ಉಳಿಸಲು ಹೋಗಿ ಕೆಡಿಸುತ್ತಿದ್ದೆ. ಒಳಗಿನ ವೈರುಗಳನ್ನು ಜಡೆ ಹೆಣೆದಂತೆ ಕಟ್ಟಿದ್ದಳು.

“ಹೇಗುಂಟು ಮಿಸ್?”

“ಚೊಲೋ ಉಂಟು” ಎಂದೆ.

ಐದು ಸಲ ಆಡಿದೆವು. ಮೂರು ಸಲ ಅವಳು ಗೆದ್ದಳು. ಬಸ್ಸಿಗೆ ಹೊತ್ತಾಯಿತೆಂದು ಸುಳ್ಳು ಹೇಳಿ ಎದ್ದೆ. ದಾರಿಯಲ್ಲಿ ಅದೇ ಕಿಚ್ಚು, ಈ ಸಲ ಇನ್ನೂ ಆಳದಲ್ಲಿ. ಅಣ್ಣ ಕೊಡಿಸಿದ್ದು ಎಂದುಕೊಂಡು ಸಮಾಧಾನ ಮಾಡಿಕೊಳ್ಳಲು ಆಗಲಿಲ್ಲ. ಆ ಪಟ್ಟಿಯನ್ನು ಅವಳಿಗೆ ಯಾರೂ ಕೊಡಿಸಿರಲಿಲ್ಲ.

ಅವಳು ಮದುವೆಯಾಗಿ ದುಬೈಗೆ ಹೋದಳು. ನಾನು ಹೊನ್ನಾವರದಲ್ಲಿ ಬೇರೆ ಕೆಲಸಕ್ಕೆ ಸೇರಿದೆ. ಕೆಲವು ವರ್ಷಗಳ ನಂತರ ಭಟ್ಕಳದ ಪೇಟೆಯಲ್ಲಿ ಅವಳ ತಾಯಿ ಸಿಕ್ಕರು. ಮಗಳು ಅಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ಕೆಲಸ ಮಾಡುತ್ತಾಳೆ, ಜನ ಹುಡುಕಿಕೊಂಡು ಬರುತ್ತಾರೆ, ನಿಮ್ಮಿಂದಲೇ ಕಲಿತದ್ದು ಎಂದು ಹೇಳುತ್ತಿರುತ್ತಾಳೆ ಎಂದರು. ನಾನು ಅವರ ಕೈ ಹಿಡಿದುಕೊಂಡು ನಕ್ಕೆ. ಮೊದಲು ಬಂದದ್ದು ಆ ಹಳೆಯ ಉರಿಯೇ. ಸಂತೋಷವೂ ಬಂತು, ನಿಜವಾದದ್ದೇ, ಆದರೆ ಎರಡನೆಯದಾಗಿ.