ಕೂಲಿ ಕಾಯ್ದೆಗೆ ನಾನು ಹೇಳಿದ ಸಾಕ್ಷಿ

ನಾವು ಬೆಳ್ಳುಳ್ಳಿ ತಿನ್ನದ ಜನ. ಅದನ್ನೇ ಸುಲಿದು ನಾನು ಒಂಬತ್ತು ವರ್ಷ ಬದುಕಿದೆ. ಹೇಳಬೇಕಾದ ಕಡೆ ಹೇಳಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಗಂಡ ಠಾಣೆ ಶಹರದ ನೌಪಾಡಾದಲ್ಲಿ ಊರವರದೇ ಹೋಟೆಲಿನಲ್ಲಿ ಅಡುಗೆಗಿದ್ದರು. ಅವರು ಹೋದ ಮೇಲೆ ನಾನು ಹತ್ತಿರದ ದಿವಾ ಊರಿನ ಚಾಳಿನ, ಅಂದರೆ ವಠಾರದ, ಒಂದು ಕೋಣೆಯಲ್ಲೇ ಉಳಿದೆ. ಮಗನ ಸಂಸಾರ ವಾಶಿಯಲ್ಲಿ. ಎರಡು ಸಲ ಹೋಗಿದ್ದು ಬಂದೆ. ಹಗಲು ಗಂಡ ಹೆಂಡತಿ ಇಬ್ಬರೂ ಆಫೀಸಿಗೆ. ಮೊಮ್ಮಗಳಿಗೆ "ಊಟ ಆಯ್ತಾ" ಎಂದರೆ "ಹೋ ಗಯಾ" ಎನ್ನುತ್ತಾಳೆ, ಅಲ್ಲಿಗೆ ಮಾತು ಮುಗಿಯಿತು. ದಿವಾದಲ್ಲಾದರೆ ಗ್ಯಾಲರಿಗೆ ಬಂದು ನಿಂತರೆ ನೀರಿಗಾಗಿ ಜಗಳವಾಡುವವರಾದರೂ ಸಿಗುತ್ತಾರೆ.

ಪಕ್ಕದ ಕೋಣೆಯವಳು ವಿಜಾಪುರದ ಕಡೆಯವಳು. ವಾಶಿಯ ಸಗಟು ಮಾರ್ಕೆಟ್ಟಿನಿಂದ ಟೆಂಪೋದಲ್ಲಿ ಬೆಳ್ಳುಳ್ಳಿ ಗೋಣಿ ಬರುತ್ತಿತ್ತು. ಸುಲಿದು ಕೊಟ್ಟರೆ ಕಿಲೋ ಲೆಕ್ಕದಲ್ಲಿ ಕೂಲಿ. "ಖಾಲಿ ಕುಂತು ಗ್ವಾಡಿ ನೋಡೂದಕಿಂತ ನಾಕ ಗಡ್ಡಿ ಸುಲೀರಿ ಅಕ್ಕಾರ. ನಿಮ್ಮ ದೇವರಿಗೆ ನಾ ಹೇಳಂಗಿಲ್ಲ" ಎಂದಳು. ನನ್ನ ಬಾಗಿಲ ಮುಂದೆ ಬೆಳಕು ಚೆನ್ನಾಗಿತ್ತು. ಅವಳು, ಇಬ್ಬರು ಮರಾಠಿ ಹೆಂಗಸರು, ನಾನು ಅಲ್ಲೇ ಕೂರುತ್ತಿದ್ದೆವು. ಬೆಳ್ಳುಳ್ಳಿ ಹೊಸ್ತಿಲು ದಾಟಬಾರದು ಎಂಬುದು ನನ್ನ ಕಟ್ಟಳೆ. ಸುಲಿಯಲು ಬೇರೆ ಸೀರೆ, ಎದ್ದ ಮೇಲೆ ಸ್ನಾನ, ಆಮೇಲೆ ಒಲೆ. ಉಗುರಿನ ಸಂದಿ ಉರಿಯುತ್ತಿತ್ತು. ಉರಿದರೆ ಉರಿಯಲಿ, ನಾಲ್ಕು ಜನರ ಮಾತು ಕಿವಿಗೆ ಬೀಳುತ್ತಿತ್ತಲ್ಲ.

ಮಗನಿಗೆ ಗೊತ್ತಿರಲಿಲ್ಲ. ಅವನು ಬರುವ ಭಾನುವಾರ ಗೋಣಿಗಳೆಲ್ಲ ಪಕ್ಕದವಳ ಬಾಗಿಲಿಗೆ ಹೋಗುತ್ತಿದ್ದವು. ಅವಳು ನನ್ನ ಮುಖ ನೋಡಿಕೊಂಡೇ ಅವನಿಗೆ ಹೇಳುತ್ತಿದ್ದಳು, "ಏನ ಮಾಡೂದ್ರೀ, ನಮ್ಮ ವಾಸನಿಗೆ ನಿಮ್ಮ ತಾಯಾರು ಮೂಗ ಮುಚಗೊಂಡ ಅಡ್ಡಾಡತಾರ."

ಹೀಗಿರುವಾಗ ಒಂದು ವರ್ಷ ಕೂಲಿಕಾರರ ಸಂಘದ ಹೆಂಗಸೊಬ್ಬಳು ಚಾಳಿಗೆ ಬಂದಳು. ಕನಿಷ್ಠ ಕೂಲಿ ಹೆಚ್ಚಿಸುವ ಕಾಯ್ದೆ ಬರಲಿದೆ, ಇನ್ನೂ ಕರಡು ಅಷ್ಟೇ, ಮನೆಯಲ್ಲಿ ಕೂತು ದುಡಿಯುವವರನ್ನು ಅದರಲ್ಲಿ ಸೇರಿಸಿಲ್ಲ ಎಂದಳು. ಠಾಣೆ ಶಹರದ ಸರ್ಕಾರಿ ಕಚೇರಿಯಲ್ಲಿ ಜನರ ಮಾತು ಕೇಳಿ ಬರೆದುಕೊಳ್ಳುತ್ತಾರಂತೆ. ಇದು ನಮ್ಮ ಹೊಟ್ಟೆಪಾಡು ಎಂದು ನಾವೇ ಹೋಗಿ ಹೇಳಿದರೆ ಸೇರಿಸಲೂಬಹುದು. ಪಕ್ಕದವಳಿಗೆ ಆಸೆ ಹುಟ್ಟಿತು. ಗಂಡ ಕೆಲಸವಿಲ್ಲದೆ ಮಲಗಿದ್ದ, ಆ ಮನೆಗೆ ಗೋಣಿಯೊಂದೇ ಗತಿ. ನಾಲ್ವರಲ್ಲಿ ಹಿರಿಯಳು ನಾನು, ಮರಾಠಿಯೂ ತಡವರಿಸದೆ ಬರುತ್ತದೆ.

"ನೀವ ಮಾತಾಡ್ರಿ ಅಕ್ಕಾರ. ನಾ ಬಾಯಿ ತಗದರ ಜಗಳ ಆಗ್ತೈತಿ" ಎಂದಳು.

ಕಚೇರಿಯಲ್ಲಿ ನಮ್ಮ ಸರದಿ ಬಂದಾಗ ಮಧ್ಯಾಹ್ನವಾಗಿತ್ತು. ಮೇಜಿನ ಆಚೆ ಒಬ್ಬ ಹೆಣ್ಣು ಅಧಿಕಾರಿ. ಮರಾಠಿಯಲ್ಲೇ ಶುರು ಮಾಡಿದಳು. ಕಾಗದದಲ್ಲಿ ನನ್ನ ಮನೆತನದ ಹೆಸರು ನೋಡಿ ತಲೆಯೆತ್ತಿ ನಕ್ಕು ಕನ್ನಡಕ್ಕೆ ತಿರುಗಿದಳು.

"ಅಮ್ಮ, ನೀವು ಉಡುಪಿ ಕಡೆಯವರಾ? ನಾನು ಮೈಸೂರಿನವಳು. ನಿಮ್ಮಲ್ಲಿ ಬೆಳ್ಳುಳ್ಳಿ ಮುಟ್ಟೋದೇ ಇಲ್ಲ ಅಲ್ವಾ?"

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಕುರ್ಚಿಯಲ್ಲಿ ಕೂತವರು ನನ್ನನ್ನು ಅಮ್ಮ ಎಂದು ಕರೆದು ಎಷ್ಟು ಕಾಲವಾಗಿತ್ತೋ. ನಾನು ಎರಡೂ ಕೈ ಸೆರಗಿನೊಳಗೆ ಸೇರಿಸಿಕೊಂಡೆ.

"ಇಲ್ಲಪ್ಪ, ನಾನು ಮುಟ್ಟುವುದಿಲ್ಲ. ಇವರ ಜೊತೆ ಬಂದದ್ದು ಅಷ್ಟೆ. ಇವರೂ ಹೊತ್ತು ಹೋಗ್ಲಿಕ್ಕೆ ಅಂತ ಮಾಡುವುದು. ಮನೆಯಲ್ಲಿ ಕೂತು ಬೇಜಾರು ನೋಡಿ."

ಅವಳು ತಲೆದೂಗಿ ಬರೆದುಕೊಂಡಳು. ಮರಾಠಿ ಹೆಂಗಸರಿಬ್ಬರೂ ನಾನು ಚೆನ್ನಾಗಿಯೇ ಹೇಳಿದೆ ಎಂದುಕೊಂಡು ಕೈಮುಗಿದರು. ಪಕ್ಕದವಳಿಗೆ ಮಾತ್ರ ಕನ್ನಡ ಬರುತ್ತಿತ್ತು. ಅಲ್ಲೇ ಕೂಗಾಡಿದ್ದರೆ ನನಗೆ ಮೇಲಾಗುತ್ತಿತ್ತು. ಬೆಂಚಿನಿಂದ ಎದ್ದು ಚಪ್ಪಲಿ ಹಾಕಿಕೊಂಡಳು, ಅಷ್ಟೇ. ಲೋಕಲ್‌ನಲ್ಲಿ ಮುಂಬ್ರಾ ಸ್ಟೇಷನ್ ದಾಟಿದ ಮೇಲೆ ಬಾಯಿ ಬಿಟ್ಟಳು.

"ಹೊತ್ತು ಹೋಗಾಕ ಮಾಡತೀವಿ ಹೌದಲ್ರೀ ನಾವು."

ದಿವಾ ಬಂತು, ಅವಳ ಹಿಂದೆ ಇಳಿದೆ.

ಮಾರನೆಯ ದಿನ ಗೋಣಿ ಅವಳ ಬಾಗಿಲಲ್ಲೇ ಇಳಿಯಿತು. ಮೂವರೂ ಅಲ್ಲೇ ಕೂತರು. ಅಲ್ಲಿ ಬೆಳಕು ಸಾಲದು, ಬಗ್ಗಿ ಬಗ್ಗಿ ಸುಲಿಯುತ್ತಿದ್ದರು. ನನ್ನ ಪಾಲಿನ ಬೆಳ್ಳುಳ್ಳಿಯನ್ನು ಪಕ್ಕದವಳು ಬುಟ್ಟಿಗೆ ಹಾಕಿ ನನ್ನ ಹೊಸ್ತಿಲ ಹೊರಗೆ ಇಟ್ಟು ಹೋಗುತ್ತಿದ್ದಳು. ಕೂಲಿ ತಪ್ಪಿಸಲಿಲ್ಲ. ಮಾತು ಮಾತ್ರ ಇಲ್ಲ. ಹದಿನೈದು ದಿನ ಒಬ್ಬಳೇ ಸುಲಿದೆ. ಇಡೀ ದಿನದಲ್ಲಿ ನನ್ನ ಬಾಯಿಂದ ಹೊರಟ ಮಾತು ಹಾಲಿನವನಿಗೆ ಹೇಳಿದ್ದೊಂದೇ. ಅತ್ತ ಆ ಮೂವರು ನಕ್ಕರೆ ಯಾಕೆ ನಕ್ಕರು ಎಂದು ತಿಳಿಯುತ್ತಿರಲಿಲ್ಲ.

ಕೊನೆಗೆ ಒಂದು ದಿನ ಒಬ್ಬಳೇ ಠಾಣೆಗೆ ಹೋದೆ. ಆ ಅಧಿಕಾರಿ ಇರಲಿಲ್ಲ. ಮಾತು ಕೇಳುವ ದಿನ ಮುಗಿಯಿತು ಆಜಿ, ಬೇಕಾದರೆ ಬರೆದು ಕೊಡಿ, ಮುಂದೆ ಕಳಿಸುತ್ತೇವೆ ಎಂದ ಗುಮಾಸ್ತ. ನಾಲ್ಕನೇ ಕ್ಲಾಸು ಓದಿದವಳು ನಾನು, ಮಾತಾಡುವುದು ಯಾವ ಭಾಷೆಯಾದರೂ ಬರೆಯಲು ಬರುವುದು ಕನ್ನಡವೊಂದೇ. ಬರೆದೆ. ನಾನು ಬೆಳ್ಳುಳ್ಳಿ ಸುಲಿಯುತ್ತೇನೆ. ಅವತ್ತು ಸುಳ್ಳು ಹೇಳಿದೆ. ನಾವು ನಾಲ್ವರೂ ಹೊಟ್ಟೆಪಾಡಿಗೆ ಸುಲಿಯುವವರು. ನಮ್ಮ ಹೆಸರು ಸೇರಿಸಿ. ಅದೇ ಇನ್ನೊಂದು ಹಾಳೆಯಲ್ಲೂ ಬರೆದೆ. ಗುಮಾಸ್ತನಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಎರಡಕ್ಕೂ ಮೊಹರು ಒತ್ತಿ ಒಂದನ್ನು ನನಗೆ ಕೊಟ್ಟ.

ನೇರ ಪಕ್ಕದವಳ ಬಾಗಿಲಿಗೆ ಹೋದೆ. ಮೂವರೂ ಕೂತಿದ್ದರು. ಮರಾಠಿ ಹೆಂಗಸರಿಗೆ ಆವತ್ತು ನಡೆದದ್ದನ್ನು ಮರಾಠಿಯಲ್ಲಿ ಹೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಕ್ಕದವಳಿಗೆ ಓದಲು ಬರುವುದಿಲ್ಲ.

"ಏನ ಬರದೀರಿ, ಓದ್ರಿ" ಎಂದಳು.

ನಿಂತುಕೊಂಡೇ ಓದಿದೆ. ಸುಲಿಯುವುದು ನಿಲ್ಲಿಸದೆ ಪೂರ್ತಿ ಕೇಳಿದಳು.

"ಛಲೋ ಬರದೀರಿ" ಎಂದಳು.

ಕೂಡ್ರಿ ಎನ್ನಲಿಲ್ಲ. ಕಾಗದ ಮಡಚಿಕೊಂಡು ನನ್ನ ಬಾಗಿಲಿಗೆ ಬಂದೆ.