ಓರಗಿತ್ತಿ ತೆಗೆದ ಅಕ್ಷತೆ ಕಾಳು

ಎಪ್ಪತ್ತು ದಾಟಿದರೂ ಒಂದು ಬಿಳಿ ಎಳೆ ಕಾಣದ ಕೂದಲು ನನ್ನ ಓರಗಿತ್ತಿಯದು. ಡೈ ಅಲ್ಲ, ಹತ್ತಿರ ಕೂತು ಬೈತಲೆಯ ಬುಡ ನೋಡಿ ಖಾತ್ರಿ ಮಾಡಿಕೊಂಡಿದ್ದೇನೆ. ಆ ಕೂದಲಿನ ಮೇಲೊಂದು ಕನ್ನಡಕ, ಮೂಗಿನ ಮೇಲೆ ಇನ್ನೊಂದು. ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಇದ್ದವಳು. ಕಾನ್ವೆಂಟಿನಲ್ಲಿ ನಾನು ಕಲಿತದ್ದು ಇಂಗ್ಲಿಷ್ ಭಾಷಣದ ಎಲೊಕ್ಯೂಷನ್, ಎಂಬ್ರಾಯ್ಡರಿ. ನನ್ನ ಗಂಡ ಎಲ್ಲದಕ್ಕೂ "ಅವಳನ್ನು ಕೇಳು" ಎನ್ನುತ್ತಿದ್ದರು. ಆನೆಸ್ಟ್ಲಿ, ಮೈಯೆಲ್ಲ ಉರಿಯುತ್ತಿತ್ತು.

ಅವರು ತೀರಿಕೊಂಡ ಮೇಲೆ ಅವರ ಲ್ಯಾಪ್‌ಟಾಪೂ ಸ್ಟಾರ್ಟ್ ಆಗದೆ ಕೂತಿತು. ಅವರು ಹಾಡಿದ ಒಂದೇ ಒಂದು ರೆಕಾರ್ಡಿಂಗ್ ಇದ್ದದ್ದು ಅದರೊಳಗೆ. ಪೆನ್ ಡ್ರೈವಿನಿಂದ ಲಿನಕ್ಸ್ ಎಂಬ ಬೇರೆ ಸಿಸ್ಟಮ್ ಓಡಿಸಿ ಫೈಲು ತೆಗೆಯಬಹುದೆಂದು ಫೋನಿನಲ್ಲಿ ಹೇಳಿದ ಓರಗಿತ್ತಿ, ಡ್ರೈವ್ ಸಿದ್ಧಮಾಡಿಕೊಂಡು ಬೊರಿವಲಿಯ ತನ್ನ ಮನೆಯಿಂದ ಲೋಕಲ್ ರೈಲು ಹಿಡಿದು ವಡಾಲದ ನನ್ನ ಮನೆಗೆ ಬಂದಳು.

ಯಾವುದರಿಂದ ಸ್ಟಾರ್ಟ್ ಆಗಬೇಕೆಂದು ಕೇಳುವ ಬೂಟ್ ಮೆನು ತೆರೆದಳು. ಡ್ರೈವಿನ ಹೆಸರೇ ಇಲ್ಲ. ಹೊರಗಿನ ಸಿಸ್ಟಮನ್ನು ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಿದಳು, ಆಗಲೂ ಇಲ್ಲ. ಅದೇ ಡ್ರೈವ್ ಅವಳ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಓಡಿತು. ಇವಳಿಗೂ ಬಾರದ್ದೊಂದು ಇದೆಯಲ್ಲ ಎಂದು ಒಳಗೊಳಗೇ ಖುಷಿ ನನಗೆ. ಹಾಡು ಹೋಯಿತಲ್ಲ ಎಂಬ ಹೆದರಿಕೆ ಅದರ ಬೆನ್ನಿಗೇ.

ಅವರ ಆ ಹಳೆಯ ಲ್ಯಾಪ್‌ಟಾಪಿನಲ್ಲಿ ಡ್ರೈವ್ ಚುಚ್ಚಲು ಸರಿಯಿದ್ದದ್ದು ಒಂದೇ ಪೋರ್ಟ್. ಅದಕ್ಕೆ ಟಾರ್ಚ್ ಹಿಡಿದು ಕೇಳಿದಳು: "ಅಕ್ಕ, ಇದಕ್ಕೆ ಪೂಜೆ ಮಾಡ್ತಿದ್ರಾ?"

"ಆಯುಧ ಪೂಜೆಗೆ ನಿನ್ನ ಭಾವ ಗಂಧ ಹಚ್ಚಿ ಅಕ್ಷತೆ ಹಾಕ್ತಿದ್ರು. ಯಾಕೆ?"

"ಹಾಕಿದ್ದಲ್ಲ ಮಾರಾಯ್ರೆ, ಬಾಯಿಗೇ ಬಡಿಸಿದ್ದಾರೆ!"

ಬ್ಯಾಟರಿ ಕಳಚಿಟ್ಟು, ಹಲ್ಲುಕಡ್ಡಿಯಿಂದ ಮೆಲ್ಲನೆ ಕೆದಕಿದಳು. ಅರಶಿನ ಮೆತ್ತಿದ ಅಕ್ಕಿಕಾಳೊಂದು ಹೊರಬಂತು. ಎಸೆಯಲಿಲ್ಲ, ನನ್ನ ಅಂಗೈಯಲ್ಲಿಟ್ಟಳು. ಈ ಸಲ ಡ್ರೈವ್ ಪೂರ್ತಿ ಒಳಗೆ ಹೋಯಿತು, ಲಿನಕ್ಸ್ ಎದ್ದಿತು, ಫೈಲೂ ಸಿಕ್ಕಿತು. ಸರಿಯಿದೆಯೋ ನೋಡುತ್ತೇನೆಂದು ಹೆಡ್‌ಫೋನ್ ಏರಿಸಿಕೊಂಡವಳ ಕಣ್ಣು ತುಂಬಿತು. ನನಗಿಂತ ಮೊದಲು ಕೇಳಿಬಿಟ್ಟಳಲ್ಲ!

"ಕೊಡು ಇಲ್ಲಿ. ಗಂಡ ನನ್ನವರು."

"ತಗೊಳ್ಳಿ ಅಕ್ಕ. ನಾನೇನು ಬೊರಿವಲಿಗೆ ಕಟ್ಟಿಕೊಂಡು ಹೋಗ್ತೇನಾ?"

ಹೆಡ್‌ಫೋನ್ ಕಿವಿಗಿಟ್ಟು ಕೇಳಿದೆ. ಅದು ಅವಳ ಮನೆಯಲ್ಲೇ ಹಾಡಿದ್ದು. ನಾನು ಜ್ವರ ಬಂದು ಹೋಗಿರಲಿಲ್ಲ. ನಾನು ಹಾಡಿ ಎಂದರೆ ಗಂಟಲು ಸರಿಯಿಲ್ಲ ಎನ್ನುತ್ತಿದ್ದವರು ಅಲ್ಲಿ ಕಂಠಬಿಚ್ಚಿ ಹಾಡಿದ್ದರು. ನಡುವೆ ಇವಳ ಕೂಗು: "ಇನ್ನೊಂದು, ಭಾವಾ!" ನನ್ನ ಮುಖ ನೋಡಿಯೇ ಅವಳಿಗೆ ತಿಳಿದಿರಬೇಕು.

"ನನ್ನ ಸ್ವರ ಕಟ್ ಮಾಡ್ಲಾ ಅಕ್ಕ? ಎರಡು ನಿಮಿಷದ ಕೆಲಸ."

"ಡೋಂಟ್ ಬಿ ಸಿಲ್ಲಿ," ಎಂದೆ, ಬಿಗುಮಾನದಿಂದ. "ಇರಲಿ."

ಹೋದ ವರ್ಷ ಅವಳೂ ತೀರಿಕೊಂಡಳು. ಮಧ್ಯಾಹ್ನ ಒಬ್ಬಳೇ ಆ ಹಾಡು ಹಾಕಿಕೊಳ್ಳುತ್ತೇನೆ. "ಇನ್ನೊಂದು, ಭಾವಾ!" ಎಂದು ಅವಳು ಕೂಗುವ ಜಾಗದಲ್ಲಿ ಈಗಲೂ ಹೊಟ್ಟೆ ಉರಿಯುತ್ತದೆ. ಹಿಂದಕ್ಕೆ ಸರಿಸಿ ಅದನ್ನೇ ಮತ್ತೊಮ್ಮೆ ಕೇಳುತ್ತೇನೆ.