ಉಪ್ಪುನೀರು ಕುಡಿಸಿ ಬೆಳೆಸಿದ ಗಿಡಗಳು

ಬೆಳಕು ಹರಿಯುವ ಹೊತ್ತಿಗೆ ಕೆಸರಕ್ಕ ಮೊಣಕಾಲವರೆಗೆ ಕೆಸರಿನಲ್ಲಿದ್ದಾರೆ. ಅಮಾವಾಸ್ಯೆಯ ದೊಡ್ಡ ಉಬ್ಬರ ಈಗಷ್ಟೇ ಇಳಿಯುತ್ತಿದೆ. ಮನೆಯ ಹಿಂದಿನ ಹೊಳೆದಂಡೆಯಲ್ಲಿ ತಾವೇ ನೆಟ್ಟ ಕಾಂಡ್ಲ ಗಿಡಗಳು ನಿಂತಿವೆಯೋ, ಕೊಚ್ಚಿಹೋಗಿವೆಯೋ ನೋಡಬೇಕು. ಎದೆ ಡವಡವ ಅನ್ನುತ್ತಿಲ್ಲವೇ ಎಂದರೆ ನಗುತ್ತಾರೆ. "ಹೋದ ವರ್ಷ ಅಂದಿತ್ತು. ಈ ಸಲ ನನ್ ಗಿಡಾನೂ ಗಟ್ಟಿ, ನಾನೂ ಗಟ್ಟಿ."

ಕೆಸರಕ್ಕ ಅನ್ನುವುದು ಸದಾ ಕಾಲಿಗೆ ಅಂಟಿರುವ ಕೆಸರು ನೋಡಿ ಊರ ಮಕ್ಕಳು ಇಟ್ಟ ಹೆಸರು. ಬೇಸರವೇನೂ ಇಲ್ಲ, ಕೂಗಿದರೆ ಓಗೊಡುತ್ತಾರೆ. ಉಪ್ಪುನೀರು ನುಗ್ಗುವ ದಂಡೆಯಲ್ಲಿ ಬೇರು ಬಿಟ್ಟು ಮಣ್ಣು ಹಿಡಿಯುವ ಗಿಡ ಕಾಂಡ್ಲ. ಮರದಲ್ಲಿ ನುಗ್ಗೆಕಾಯಿಯಂತೆ ಜೋತುಬೀಳುವ ಅದರ ಮೊಳಕೆಗಳನ್ನು ಆರಿಸಿ ತಂದು, ಏಡಿಗಳಿಗೆ ರುಚಿಸದ ಹಾಗೆ ನೆರಳಲ್ಲಿ ಬಾಡಿಸಿ, ಚೀಲದ ಮಣ್ಣಿಗೆ ಊರುವುದು ಸಸಿತೋಟದಲ್ಲಿ ಅವರ ಕೂಲಿ ಕೆಲಸ. ದಿನಕ್ಕೆ ಇನ್ನೂರು ಚೀಲ ತುಂಬುವಷ್ಟರಲ್ಲಿ ಸೊಂಟ 'ಸಾಕಮ್ಮಾ' ಅನ್ನುತ್ತದೆ.

ಹೋದ ವರ್ಷ ದಂಡೆ ಕುಸಿಯುತ್ತ ಕುಸಿಯುತ್ತ ಹಿಂದಿನ ಕೋಣೆಯ ಗೋಡೆ ಹತ್ತಿರ ಬಂತು. ಅಲ್ಲಿ ಮಲಗುತ್ತಿದ್ದ ಅತ್ತೆ ಮಂಚ ಎಳೆದುಕೊಂಡು ಅಡುಗೆಮನೆ ಸೇರಿದರು. ಕೆಸರಕ್ಕ ಗಿಡ ಬೆಳೆಸಿದರು ನಿಜ, ಆದರೆ ಸ್ವಂತ ಮನೆಯ ದಂಡೆಗೆ ಅಂತ ಮುದ್ದು ಜಾಸ್ತಿಯಾಯಿತು. ಬಾವಿಯ ಸಿಹಿನೀರೇನು, ನೆಡುವ ದಿನದವರೆಗೂ ಚಪ್ಪರದ ನೆರಳೇನು! ಗಿಡಗಳೇನೋ ಸೊಂಪಾಗಿ ಎದ್ದವು. ದಂಡೆಗೆ ನೆಟ್ಟ ವಾರದಲ್ಲೇ ಉಪ್ಪು ತಾಳದೆ ಎಲೆ ಉದುರಿಸಿ ಸತ್ತವು.

"ನನ್ ಮೊಮ್ಮಕ್ಕಳನ್ನ ಮುದ್ದು ಮಾಡಿ ಕೆಡಿಸಿದ್ದು ಸಾಲ್ದು ಅಂತ ಗಿಡಾನೂ ಕೆಡಿಸಿದ್ಯಾ?" ಅಂದರು ಅತ್ತೆ. ಕೆಸರಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಮಾತು ಸುಳ್ಳಲ್ಲವಲ್ಲ!

ಈ ವರ್ಷ ಮುದ್ದಿಗೆ ಕಡಿವಾಣ ಬಿತ್ತು. ಉಬ್ಬರದ ನೀರು ಬಂದು ತೋಯಿಸುವ ಕಡೆಯೇ ಚೀಲಗಳನ್ನಿಟ್ಟರು, ಚಪ್ಪರವನ್ನು ಸ್ವಲ್ಪ ಸ್ವಲ್ಪವೇ ಬಿಚ್ಚಿದರು. ಎಲೆ ಬಾಡಿದಾಗ ಕೊಡ ಹಿಡಿದು ಬಾವಿಯವರೆಗೂ ಹೋಗಿ, ಬರಿಗೊಡ ತಂದದ್ದೂ ಉಂಟು. "ಕರುಳು ಚುರ್ ಅಂತಿತ್ತು. ಆದ್ರೂ ಒಂದು ತೊಟ್ಟು ಹಾಕ್ಲಿಲ್ಲ."

ನೀರು ಪೂರ್ತಿ ಇಳಿಯುತ್ತದೆ. ಅಂಚಿನ ನಾಲ್ಕಾರು ಗಿಡ ಮಲಗಿವೆ. ಉಳಿದವೆಲ್ಲ ಎಲೆಗೆ ಕೆಸರು ಮೆತ್ತಿಕೊಂಡು ನೆಟ್ಟಗೆ ನಿಂತಿವೆ, ಬುಡದ ಮಣ್ಣು ಅಲುಗಿಲ್ಲ. ಕೆಸರಕ್ಕ ಒಂದೊಂದನ್ನೂ ಬಾಗಿ ಮುಟ್ಟುತ್ತಾರೆ. "ನೋಡಿದ್ರಾ ನನ್ ಗಿಡಗಳ್ನ?"

ಹಿತ್ತಿಲ ಬಾಗಿಲಲ್ಲಿ ಅತ್ತೆ ನಿಂತಿದ್ದಾರೆ. ಹೊಗಳುವ ಪೈಕಿಯವರಲ್ಲ ಅವರು. ದಂಡೆಯನ್ನು ಈ ತುದಿಯಿಂದ ಆ ತುದಿವರೆಗೆ ನೋಡುತ್ತಾರೆ.

"ಕಾಲು ತೊಳ್ಕೊಂಡು ಬಾರೇ," ಅನ್ನುತ್ತಾರೆ ಕೊನೆಗೆ. "ಮಂಚದ ಒಂದು ಕಡೆ ಹಿಡ್ಕೋ. ನನ್ ಕೋಣೆಗೆ ಹಾಕ್ಬೇಕು."